ಆಕಾಶದ ಕೂಗು ಕೇಳುವ ಕೆಲಸ

ಟ್ರ್ಯಾಕರಿನ ಕೂಗು ಹೇಗಿರುತ್ತದೆ ಎಂದು ಶೆಡ್ಡಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುತ್ತಾರೆ. ಕಾದ ಎಣ್ಣೆಗೆ ಒಂದು ಚಿಟಿಕೆ ಸಾಸಿವೆ ಹಾಕಿ ತಕ್ಷಣ ಮುಚ್ಚಳ ಮುಚ್ಚಿದರೆ ಹೇಗೋ ಹಾಗೆ. ಚರ್ರ್ ಎಂದು ಒಂದು ಸಲ, ಆಮೇಲೆ ಸುಮ್ಮನೆ. ಆ ಒಂದು ಚರ್ರಿನೊಳಗೆ ವಿಮಾನದ ಹೆಸರು, ಅದು ಇರುವ ಜಾಗ, ಎತ್ತರ, ಅದು ಮುಖ ಮಾಡಿದ ದಿಕ್ಕು ಎಲ್ಲವೂ ಇರುತ್ತವೆ. ಕೆಲಸ ಬಿಟ್ಟ ಮೇಲೂ ನನಗೆ ಅದು ಕೇಳುತ್ತದೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಅಡ್ಡಾಗಿ ಕಣ್ಣು ಮುಚ್ಚುತ್ತಿರುವಾಗ, ಡೋಣಿ ಹೊಳೆಯ ಆಚೆ ಎಲ್ಲೋ ಒಂದು ಕೂಗು. ಯಾರದು ಎಂದು ತಿಳಿಯುವಷ್ಟರಲ್ಲಿ ಎಚ್ಚರವಾಗುತ್ತದೆ.

ನನ್ನ ಹೆಸರು ಕಸ್ತೂರಿ. ಓದಿದ್ದು ಏಳನೆಯ ತರಗತಿಯವರೆಗೆ. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಪ್ಪನ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚುವುದು, ಕಪ್ಪಾದ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು. ತಮ್ಮ ಮಲ್ಲು ಓದಲಿ ಎಂದು ನನ್ನನ್ನು ಶಾಲೆ ಬಿಡಿಸಿ ಅಲ್ಲಿ ಕೂರಿಸಿದರು. ನನಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ತಂತಿ ಸುತ್ತುವ ಕೆಲಸದಲ್ಲಿ ಒಂದು ಬಗೆಯ ಮಂಪರು ಇದೆ. ಸುತ್ತು ಎಷ್ಟಾಯಿತೆಂದು ಬೆರಳೇ ಲೆಕ್ಕ ಇಡುತ್ತದೆ, ಮನಸ್ಸು ಎಲ್ಲಿ ಬೇಕಾದರೂ ಹೋಗಬಹುದು.

ಮಲ್ಲು ಚಿಕ್ಕಂದಿನಿಂದಲೂ ಮೇಲೆ ನೋಡುತ್ತ ನಡೆಯುವವನು. ಹದ್ದಿನ ಹಿಂದೆ ಹೋಗಿ ಕಲ್ಲಿಗೆ ಎಡವಿ ಮೊಣಕಾಲು ಒಡೆದುಕೊಂಡು ಬರುತ್ತಿದ್ದ. ಅರಿಶಿಣ ಹಚ್ಚುವವಳು ನಾನು. ದೊಡ್ಡವನಾಗಿ ಡಿಪ್ಲೊಮಾ ಮುಗಿಸಿ ಬಂದಾಗಲೂ ಅವನ ಕಣ್ಣು ಮೇಲೆಯೇ. ಬಸವನ ಬಾಗೇವಾಡಿಯ ಹೊರಗೆ ಒಬ್ಬರು ತಮ್ಮ ಹೊಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ವಿಮಾನ ಕಟ್ಟುತ್ತಾರೆ ಎಂಬ ಸುದ್ದಿ ತಿಳಿದು ಅಲ್ಲಿ ಸೇರಿಕೊಂಡ. ವಾಯುಪಡೆಯಿಂದ ನಿವೃತ್ತರಾದ ಅವರನ್ನು ಎಲ್ಲರೂ ಸಾರ್ಜೆಂಟ್ ಮಾಮಾ ಎನ್ನುತ್ತಿದ್ದರು. ವಿಮಾನವೆಂದರೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ರೆಕ್ಕೆ, ಬೆನ್ನಿಗೆ ಎಂಜಿನ್ನು, ಮೂರು ಗಾಲಿ. ಮುದ್ದೇಬಿಹಾಳದ ಒಬ್ಬ ಡಾಕ್ಟರು, ಚಡಚಣದ ಒಬ್ಬ ದ್ರಾಕ್ಷಿ ಬೆಳೆಗಾರರು, ನಮ್ಮ ಮಲ್ಲು, ಹೀಗೆ ಕೆಲವರು. ಪರವಾನಗಿ ಪಡೆದು, ತಮ್ಮ ಕೈಯಾರೆ ಕಟ್ಟಿದ್ದರಲ್ಲಿ ತಾವೇ ಕೂತು ಹಾರುವವರು.

ನಮ್ಮ ನೆಲ ಹಾಳೆ ಹಾಸಿದಂತೆ ಸಪಾಟು. ಮೇಲಿನಿಂದ ನೋಡಿದರೆ ಇಂಡಿ ಯಾವುದು, ಸಿಂದಗಿ ಯಾವುದು ತಿಳಿಯದು. ಜೋಳ, ತೊಗರಿ, ಮತ್ತೆ ಜೋಳ. ಒಮ್ಮೆ ಮಲ್ಲು ದಾರಿ ತಪ್ಪಿ ಮೋರಟಗಿ ಹತ್ತಿರದ ಹೊಲದಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ರೆಕ್ಕೆ ಹೇರಿಕೊಂಡು ಬಂದ. ಆಮೇಲೆ ಮಾಮಾ, ಪ್ರತಿ ವಿಮಾನವೂ ತಾನೆಲ್ಲಿದ್ದೇನೆಂದು ಕೂಗಬೇಕು ಎಂದು ನಿರ್ಧರಿಸಿದರು. ಅವರು ಹ್ಯಾಮ್ ರೇಡಿಯೊದವರು, ಹವ್ಯಾಸಕ್ಕೆ ರೇಡಿಯೊ ನಡೆಸುವವರು. ಹಾರುವವರಿಗೆಲ್ಲ ಅದರ ಪರೀಕ್ಷೆ ಬರೆಸಿ ಲೈಸೆನ್ಸು ಕೊಡಿಸಿದರು. ಹಾಗೆ ಕೂಗುವ ಟ್ರ್ಯಾಕರ್ ಡಬ್ಬಿ ಕೂಡಿಸಲು ಬೆಸುಗೆ ಬಲ್ಲ ಕೈ ಬೇಕಿತ್ತು. ಮಲ್ಲು ನನ್ನನ್ನು ಕರೆದುಕೊಂಡು ಹೋದ.

ಮಾಮಾ ಮೊದಲ ದಿನವೇ ನನ್ನ ಕೈಯಲ್ಲಿ ಡಬ್ಬಿ ಇಟ್ಟು ಹೇಳಿದರು: "ನೋಡವಾ ಕಸ್ತೂರಿ, ಮೋಟರ್ ಕೆಟ್ರ ಹೊಗಿ ಬರತೈತಿ, ವಾಸನಿ ಬರತೈತಿ. ಇದು ಕೆಟ್ರ ಏನೂ ಬರೂದಿಲ್ಲ. ಆ ಏನೂ ಬರೂದಿಲ್ಲಲ್ಲ, ಅದನ್ನ ನೀ ಕೇಳಬೇಕು."

"ಏನೂ ಬರದಿದ್ದನ್ನ ಹ್ಯಾಂಗ ಕೇಳೂದ್ರಿ ಮಾಮಾ?"

"ಮನ್ಯಾಗ ಕೂಸು ಒಮ್ಮೆಲೆ ಸುಮ್ಮನಾದ್ರ ನಿನಗ ಕೇಳತೈತೋ ಇಲ್ಲೋ? ಹಂಗ."

ನನಗೆ ಲೈಸೆನ್ಸು ಇರಲಿಲ್ಲ. ಕೂಗುವ ಹಕ್ಕು ಹಾರುವವರದು. ಕೂಡಿಸುವುದು, ಕೇಳುವುದು ನನ್ನದು. ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊ ನನ್ನ ಸೊಂಟಕ್ಕೆ ಸದಾ ಸಿಕ್ಕಿಸಿಕೊಂಡಿರುತ್ತಿತ್ತು. ಲೈಸೆನ್ಸಿನ ಜೊತೆ ಪ್ರತಿಯೊಬ್ಬರಿಗೂ ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಒಂದು ಕರೆಯುವ ಹೆಸರು ಬರುತ್ತದೆ. ಅದನ್ನು ಡಬ್ಬಿಗೆ ಹಾಕಬೇಕು. ಡಬ್ಬಿ ಕೂಗಿದಾಗ ಶೆಡ್ಡಿನ ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಒಂದು ಚುಕ್ಕೆ ಮೂಡಿ, ಪಕ್ಕದಲ್ಲಿ ಆ ಹೆಸರು ಕಾಣುತ್ತದೆ. ನಾನು ಇಂಗ್ಲಿಷ್ ಅಕ್ಷರ ಸರಿಯಾಗಿ ಕಲಿತದ್ದು ಹೀಗೆ, ಆಕಾಶದಲ್ಲಿರುವವರ ಹೆಸರು ಓದುತ್ತ. ಅದು ನನ್ನ ಗುಟ್ಟಿನ ಜಂಬವಾಗಿತ್ತು.

ಮೊದಲ ಡಬ್ಬಿಯ ಆಂಟೆನಾ ಅಂದವಾಗಿ ಕಾಣಲಿ ಎಂದು ಅಲ್ಯೂಮಿನಿಯಂ ಕೊಳವೆಗೆ ಉದ್ದಕ್ಕೂ ಒತ್ತಿ ಕಟ್ಟಿದ್ದೆ. ಮಲ್ಲು ನಮ್ಮ ತಲೆಯ ಮೇಲೇ ಹಾರುತ್ತಿದ್ದಾನೆ, ರೇಡಿಯೊದಲ್ಲಿ ಉಸಿರಿಲ್ಲ.

"ಬಾಯಿಗಿ ಕೈ ಮುಚ್ಚಿ ಕೂಗಪಾ ಅಂದ್ರ ಅದಾದ್ರೂ ಹ್ಯಾಂಗ ಕೂಗಬೇಕು?" ಎಂದು ಮಾಮಾ ಬೈದರು. ಲೋಹದಿಂದ ದೂರ ಸರಿಸಿ, ನೆಟ್ಟಗೆ ನಿಲ್ಲಿಸಿದೆ. ಮರುದಿನ ಆಲಮಟ್ಟಿಯ ಹಿನ್ನೀರಿನ ಮೇಲಿನಿಂದ ಅವನ ಕೂಗು ತಿಳಿಯಾಗಿ ಬಂತು. ನೀಲಿ ನೀರಿನ ನಕ್ಷೆಯ ಮೇಲೆ ಚುಕ್ಕೆ ಮೆಲ್ಲಗೆ ತೇಲಿತು. ನಾನು ಕೂತಲ್ಲೇ ಅವನ ಜೊತೆ ಹೊಳೆ ದಾಟಿದೆ. ಈ ಕೆಲಸದಲ್ಲಿ ಇಷ್ಟು ಸುಖ ಇದೆ ಎಂದು ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರರ ವಿಮಾನದಲ್ಲಿ ಬೇರೆ ಥರದ ಎಡವಟ್ಟು. ಅವರು ಹಾರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಕಾದಿದೆಯೆಂದು ಹೆದರಿ ಒಂದು ತೊಗರಿ ಹೊಲದಲ್ಲಿ ಇಳಿದುಬಿಟ್ಟರು. ಹೋಗಿ ಮುಟ್ಟಿ ನೋಡಿದರೆ ಎಂಜಿನ್ ಅಷ್ಟೇನೂ ಕಾದಿಲ್ಲ. ಡಬ್ಬಿಯ ತಂತಿಯನ್ನು ನಾನು ಶಾಖದ ಮೀಟರಿನ ತಂತಿಯ ಜೊತೆಗೇ ಸೇರಿಸಿ ಕಟ್ಟಿದ್ದೆ. ಡಬ್ಬಿ ಕೂಗಿದಾಗಲೆಲ್ಲ ಮೀಟರಿನ ಮುಳ್ಳು ಜಿಗಿದು ಕೆಂಪಿಗೆ ಹೋಗುತ್ತಿತ್ತು.

"ಕಸ್ತೂರಿಬಾಯಿ, ನನ್ನ ಪೇಶಂಟಿಗೂ ಹಿಂಗ ಜ್ವರ ಏರಿ ಇಳದದ್ದ ನೋಡಿಲ್ಲ ನಾ" ಎಂದರು ಡಾಕ್ಟರು, ಬೆವರು ಒರೆಸಿಕೊಳ್ಳುತ್ತ. ಎರಡೂ ತಂತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ದ ಮೇಲೆ ಜ್ವರ ಬಿಟ್ಟಿತು.

ಚಡಚಣದವರದು ಇನ್ನೂ ತಮಾಷೆ. ಒಂದು ದಿನ ನಕ್ಷೆಯಲ್ಲಿ ಅವರ ವಿಮಾನ ಡಾಂಬರು ರಸ್ತೆಯ ಮೇಲೇ ಹೊರಟಿತ್ತು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ನಿಂತಿತು. ಮಾಮಾ ಗಾಬರಿಯಾಗಿ ಫೋನು ಮಾಡಿದರೆ ಅತ್ತ ಕಡೆಯಿಂದ, "ಬಸ್ಸಿನ್ಯಾಗ ಅದೀನ್ರಿ ಮಾಮಾ, ಡ್ರೈವರ್ ಚಾ ಕುಡ್ಯಾಕ ಇಳದಾನ" ಎಂದರು. ಡಬ್ಬಿಯನ್ನು ಬಿಚ್ಚಿ, ಬ್ಯಾಟರಿ ಸಮೇತ ಚೀಲದಲ್ಲಿ ಹಾಕಿಕೊಂಡಿದ್ದರು, ಆರಿಸಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಮಾ ಮಾತ್ರ ನಗಲಿಲ್ಲ. "ಚುಕ್ಕಿ ಡಬ್ಬೀದು, ಮನುಷ್ಯಾಂದಲ್ಲ. ನೆಪ್ಪ ಇಟಗೋರಿ" ಎಂದರು.

ಆಗ ಎಲ್ಲವನ್ನೂ ಕೈಯಿಂದ ಬೆಸೆಯುತ್ತಿದ್ದೆವು. ಒಂದು ಡಬ್ಬಿಗೆ ವಿವರ ತುಂಬಲು ಕೇಬಲ್ ಹಚ್ಚಿ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸಾಲು ಹಾಕಬೇಕಿತ್ತು. ಆಮೇಲೆ ಒಂದು ಡಬ್ಬಿಯದನ್ನು ಪೂರ್ತಿ ಇನ್ನೊಂದಕ್ಕೆ ನಕಲು ಮಾಡುವ ಅನುಕೂಲ ಬಂತು. ಈಗ ಅಂಗೈಯಗಲದ ಸಿದ್ಧ ಡಬ್ಬಿ ಬರುತ್ತದೆ, ಫೋನಿನಿಂದಲೇ ಎಲ್ಲ ಆಗುತ್ತದೆ. ಕೆಲಸ ಹಗುರಾಗಿದೆ. ಒಳ್ಳೆಯದೇ.

ಇಲ್ಲಿಯವರೆಗಿನ ಹಾಳೆಗಳನ್ನು ಮಲ್ಲು ಓದಿ, ನನ್ನ ಒತ್ತಕ್ಷರ ತಿದ್ದಿಕೊಟ್ಟಿದ್ದಾನೆ. "ನನ್ನ ಸ್ವಿಚ್ಚಿನ ಕತಿ ಬರಿ ಅಕ್ಕಾ, ಹೊಸಬರಿಗಿ ಅದಽ ಮುಖ್ಯ" ಎಂದು ಹೇಳಿದ. ಮುಂದಿನದನ್ನು ನಾನೇ ಬರೆದು ನಾನೇ ತಿದ್ದಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಡಾಕ್ಟರರಿಗೆ ಹೊಸ ಡಬ್ಬಿ ಬಂದಿತ್ತು. ಮಲ್ಲುವಿನ ಡಬ್ಬಿಯಲ್ಲಿದ್ದುದನ್ನು ಅದಕ್ಕೆ ನಕಲು ಮಾಡಿದೆ. ಮಾಡಿದ ಮೇಲೆ ಹೆಸರಿನ ಸಾಲಿನಲ್ಲಿ ಮಲ್ಲುವಿನದನ್ನು ಅಳಿಸಿ ಡಾಕ್ಟರರದನ್ನು ಹಾಕಬೇಕು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದರೆ ಕಾರಣವೇ ಇಲ್ಲ. ತಂತಿ ಸುತ್ತುವಾಗಿನ ಆ ಮಂಪರಿನಲ್ಲಿ ಕೈ ಮುಂದೆ ಹೋಯಿತು. ಆಮೇಲೆ ಪರೀಕ್ಷೆ ಮಾಡಿದೆ. ಡಾಕ್ಟರರ ಡಬ್ಬಿ ಹಾಕಿದೆ, ಚರ್ರ್ ಎಂದಿತು, ನಕ್ಷೆಯಲ್ಲಿ ಚುಕ್ಕೆ ಮೂಡಿತು, ಪಕ್ಕದ ಹೆಸರು ಓದಲಿಲ್ಲ. ಆರಿಸಿದೆ. ಮಲ್ಲುವಿನದು ಹಾಕಿದೆ, ಅದೂ ಚರ್ರ್ ಎಂದಿತು, ಚುಕ್ಕೆ ಮೂಡಿತು. ಎರಡೂ ಸರಿ ಎಂದು ಎದ್ದುಬಿಟ್ಟೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಒಟ್ಟಿಗೆ ಹಾಕಿದ್ದರೆ, ಎರಡು ಚುಕ್ಕೆ ಮೂಡಬೇಕಾದಲ್ಲಿ ಒಂದೇ ಮೂಡುವುದು ಕಣ್ಣಿಗೆ ಬೀಳುತ್ತಿತ್ತು.

ಅದು ಹಿಂಗಾರಿ ಜೋಳ ತೆನೆ ಕಟ್ಟುವ ಕಾಲ. ಬೆಳಗಿನ ಮಂಜು ಹೊಲದ ಮೇಲೆ ಹಾಲು ಚೆಲ್ಲಿದಂತೆ ನಿಂತಿತ್ತು. ಡಾಕ್ಟರು ಮುದ್ದೇಬಿಹಾಳಕ್ಕೆಂದು ಹಾರಿದರು. ಅವರ ಹಿಂದೆ ಮಲ್ಲು ಇಂಡಿಯ ಕಡೆ. ಅವನ ಗಾಲಿ ನೆಲ ಬಿಟ್ಟ ಹೊತ್ತಿಗೆ ನನ್ನ ಸೊಂಟದ ರೇಡಿಯೊ ಚರ್ರ್ ಎಂದಿತು. ಇದು ಅವನದೇ ಕೂಗು, ಅಷ್ಟು ಹತ್ತಿರದಿಂದ ಬಂದದ್ದು. ನಾನೊಬ್ಬಳೇ ಕೇಳಿದೆ. ಈ ಮಾತನ್ನು ನೆನಪಿಡಿ.

ಮಾಮಾ ಶೆಡ್ಡಿನ ಹಿಂದೆ ಗಾಲಿಯ ಕೆಲಸದಲ್ಲಿದ್ದರು. ನಾನು ನಕ್ಷೆಯ ಮುಂದೆ ಕೂತೆ. ಮಲ್ಲುವಿನ ಹೆಸರಿನ ಚುಕ್ಕೆ ಒಮ್ಮೆ ಇಂಡಿಯ ಹಾದಿಯಲ್ಲಿ, ಒಮ್ಮೆ ಮುದ್ದೇಬಿಹಾಳದ ಹಾದಿಯಲ್ಲಿ ಕಾಣುತ್ತಿತ್ತು. ಡಾಕ್ಟರರ ಹೆಸರು ಎಲ್ಲಿಯೂ ಇಲ್ಲ. ಲ್ಯಾಪ್‌ಟಾಪಿಗೆ ಏನೋ ಆಗಿದೆ, ತಾನೇ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಯಿತು ಕೂಡ. ಜಿಗಿಯುವುದು ನಿಂತು, ಮಲ್ಲುವಿನ ಚುಕ್ಕೆ ಮುದ್ದೇಬಿಹಾಳದಲ್ಲಿ ಸುಮ್ಮನೆ ಕೂತಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕೂತಲ್ಲೇ ತೂಕಡಿಕೆ ಬಂತು.

ಊಟದ ಹೊತ್ತಿಗೆ ಮಾಮಾ ಬಂದು ಕೇಳಿದರು, "ಎಲ್ಲಿ ಅದಾರವಾ ನಮ್ಮ ಹಕ್ಕಿಗೋಳು?"

"ಮಲ್ಲು ಮುದ್ದೇಬಿಹಾಳಕ್ಕ ಇಳದಾನ್ರಿ. ಡಾಕ್ಟರದು ಕಾಣವಲ್ದು."

"ಇಂಡಿಗಿ ಹೊಂಟಿದ್ನಲ್ಲ?"

"ಡಾಕ್ಟರ ಮನ್ಯಾಗ ಊಟಕ್ಕ ಹೋಗಿರಬೇಕ್ರಿ. ಇಬ್ಬರೂ ಕೂಡೇ ಇರ್ತಾರ."

"ಹೊಟ್ಟಿಬಾಕ ನನ್ಮಗ" ಎಂದು ಮಾಮಾ ನಕ್ಕು ಕೈ ತೊಳೆಯಲು ಹೋದರು. ಮಲ್ಲು ಫೋನನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದ; ಡಾಕ್ಟರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಆಪರೇಶನ್ನಿನಲ್ಲಿದ್ದರಂತೆ.

ಮುದ್ದೇಬಿಹಾಳದಲ್ಲಿ ಇಳಿದಿದ್ದವರು ಡಾಕ್ಟರು. ಅಲ್ಲಿ ನಿಂತು ಕೂಗುತ್ತಿದ್ದುದು ಅವರ ಡಬ್ಬಿ, ಮಲ್ಲುವಿನ ಹೆಸರಿನಲ್ಲಿ. ಅವರ ಆಸ್ಪತ್ರೆಯ ಮಾಳಿಗೆಯ ಮೇಲೆ ಕೇಳಿದ ಕೂಗನ್ನು ಮತ್ತೆ ಸಾರುವ ಯಂತ್ರವೊಂದಿತ್ತು. ಹಾಗಾಗಿ ನೆಲದಲ್ಲಿದ್ದರೂ ಅದು ನಮಗೆ ಮುಟ್ಟುತ್ತಿತ್ತು. ಇಂಡಿಯ ಕಡೆ ಅಂಥದ್ದಿರಲಿಲ್ಲ, ನೆಲದಿಂದ ಕೂಗಿದರೆ ನಮಗೆ ಮುಟ್ಟುತ್ತಿರಲಿಲ್ಲ. ಅಲ್ಲಿ ಮಲ್ಲುವಿನ ಎಂಜಿನ್ ನಿಂತುಹೋಗಿ, ಅವನು ನಿಂಬೆ ತೋಟವೊಂದರಲ್ಲಿ ಬಿದ್ದಿದ್ದ.

ಇಳಿಹೊತ್ತಿಗೆ ಕಾಯಿ ಆರಿಸಲು ಬಂದ ತೋಟದ ಹೆಣ್ಣುಮಗಳು ಅವನನ್ನು ನೋಡಿದಳು. ಮಾಮಾ ಪ್ರತಿ ರೆಕ್ಕೆಯ ಕೆಳಗೂ ಶೆಡ್ಡಿನ ನಂಬರು ಬರೆಸಿದ್ದರು, ಅದಕ್ಕೆ ಫೋನು ಮಾಡಿಸಿದಳು. ಮಾಮಾ ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಎದ್ದರು. ಮುಚ್ಚಿದರೆ ಚುಕ್ಕೆಗಳೆಲ್ಲ ಅಳಿಸಿಹೋಗುತ್ತಿದ್ದ ಕಾಲ ಅದು. ನಾವು ಮುಟ್ಟುವ ಮೊದಲೇ ಮಂದಿ ಮಲ್ಲುವನ್ನು ಟಂಟಂ ಗಾಡಿಯಲ್ಲಿ ಇಂಡಿಗೆ ಒಯ್ದಿದ್ದರು.

ಮಾಮಾ ರಸ್ತೆಯಲ್ಲಿ ಜನರೊಡನೆ ಮಾತಾಡುತ್ತ ನಿಂತರು. ನಾನು ತೋಟದೊಳಗೆ ಓಡಿದೆ. ನಿಂಬೆಯ ಗಿಡಗಳ ನಡುವೆ ಬಿಳಿ ರೆಕ್ಕೆ ಒಣಹಾಕಿದ ಸೀರೆಯಂತೆ ಬಿದ್ದಿತ್ತು. ಮುರಿದ ಎಲೆಗಳ ವಾಸನೆ, ಅದರ ಜೊತೆ ಪೆಟ್ರೋಲಿನ ವಾಸನೆ. ಹತ್ತಿರ ಹೋಗುತ್ತಿದ್ದಂತೆ ನನ್ನ ಸೊಂಟದ ರೇಡಿಯೊ ಚರ್ರ್ ಎಂದಿತು. ಡಬ್ಬಿ ಇನ್ನೂ ಕೂಗುತ್ತಿತ್ತು. ಮಧ್ಯಾಹ್ನವಿಡೀ ಆ ಗಿಡಗಳಿಗೆ ತನ್ನ ಹೆಸರು ಹೇಳುತ್ತ ಬಿದ್ದಿತ್ತು. ಆ ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು.

ಪೆಟ್ರೋಲ್ ಚೆಲ್ಲಿದ ಕಡೆ ಮೊದಲು ಕರೆಂಟು ಆರಿಸಬೇಕು. ಅಪ್ಪ ಕಲಿಸಿದ್ದೂ ಅದೇ, ಮಾಮಾ ಕಲಿಸಿದ್ದೂ ಅದೇ. ಕೈ ತಾನಾಗಿ ಹೋಗಿ ಡಬ್ಬಿಯ ಸ್ವಿಚ್ಚನ್ನು ಕೆಳಗೆ ಮಾಡಿತು, ಬ್ಯಾಟರಿಯ ತಂತಿ ಕಿತ್ತಿತು. ಅಲ್ಲಿಗೆ ನಾನು ಮಾಡಿದ್ದು ಸರಿ.

ಮಾಮಾ ಬಂದರು. ಬಗ್ಗಿ ನೋಡಿದರು. "ಸ್ವಿಚ್ಚಽ ಹಾಕಿಲ್ಲಲ್ಲವಾ ನಿನ್ನ ತಮ್ಮ! ಅಂದ್ರ ನೀ ನೋಡಿದ ಚುಕ್ಕಿ ಡಾಕ್ಟರದು."

ನಾನು ಬಾಯಿ ತೆರೆದೆ. ಮಾಮಾ ನನ್ನ ಮುಖ ನೋಡಿ ದನಿ ಇಳಿಸಿದರು. "ಇರಲಿ ಬಿಡು. ಆ ಇಂಗ್ಲಿಷ್ ಅಕ್ಷರ ಒಂದರಂಗ ಒಂದ ಇರ್ತಾವ. ಓದಿದವರಿಗೂ ಗಲತ್ ಆಗತೈತಿ, ನಿನಗೇನ ಅನ್ನೂದು."

ಆ ಅಕ್ಷರಗಳನ್ನು ನಾನು ನನ್ನ ಮನೆಯವರ ಮುಖಗಳಷ್ಟೇ ಚೆನ್ನಾಗಿ ಬಲ್ಲೆ. ಆದರೂ ಓದು ಬಾರದವಳು ಎಂಬ ಆ ಮಾತನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡೆ. ಎಲ್ಲರೂ ಪಾಪ ಎಂದರು. ಮುಂದಿನ ವಾರ ಡಾಕ್ಟರರ ಡಬ್ಬಿ ಒರೆಸುವ ನೆವದಲ್ಲಿ ಅದರ ಹೆಸರು ಸರಿಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ.

ಮಲ್ಲುವಿನ ತೊಡೆಯ ಎಲುಬು ಮುರಿದಿತ್ತು. ಬಹಳ ಹೊತ್ತು ಹಾಗೇ ಬಿದ್ದಿದ್ದರಿಂದ ರಕ್ತ ಹೋಗಿತ್ತು, ಬದುಕಿದ್ದೇ ಹೆಚ್ಚು ಎಂದರು. ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ತಲೆಗೂ ಪೆಟ್ಟಾಗಿದ್ದರಿಂದ ಆ ಬೆಳಗಿನದೇನೂ ಅವನಿಗೆ ನೆನಪಿಲ್ಲ. ಮತ್ತೆ ಹಾರಬಹುದು ಎಂದು ಡಾಕ್ಟರು ಹೇಳಿದರು. ಅವನೇ ಒಲ್ಲೆ ಎಂದ. "ಒಂದು ಸ್ವಿಚ್ ಮರ್ತಾಂವ ನಾಳೆ ಮತ್ತೊಂದ ಮರೀತಾನ. ನಾ ಹಾರಬಾರ್ದು" ಎಂದ. ತನ್ನ ವಿಮಾನದ ಕೊಳವೆಗಳನ್ನು ಬೇರೆಯವರಿಗೆ ಕೊಟ್ಟ.

ಆಮೇಲೆ ಅವನು ಶೆಡ್ಡಿನಲ್ಲಿ ಹೊಸಬರಿಗೆ ಕಲಿಸುವವನಾದ. ಅವನ ಮೊದಲ ಪಾಠ ಒಂದೇ. ಕುಂಟುತ್ತ ಮುಂದೆ ಬಂದು, "ನನ್ನಂಗ ಆಗಬ್ಯಾಡ್ರಿ, ನಾ ಸ್ವಿಚ್ ಮರ್ತಾಂವ" ಎನ್ನುತ್ತಿದ್ದ. ಒಂದು ಪದ್ಧತಿಯನ್ನೂ ಅವನೇ ತಂದ. ಹಾರುವವನು ಎಂಜಿನ್ ಚಾಲೂ ಮಾಡಿ, ಸ್ವಿಚ್ ಹಾಕಿ ಕಾಯಬೇಕು. ನಾನು ರೇಡಿಯೊ ಕಿವಿಗಿಟ್ಟು, ಕೂಗು ಬಂದ ಮೇಲೆ ಕೈ ಎತ್ತಿ "ಕೇಳ್ತು!" ಎಂದು ಎಂಜಿನ್ನಿನ ಸದ್ದಿಗೂ ಮೀರಿ ಒದರಬೇಕು. ಹಾರುವವನು ಹೆಬ್ಬೆರಳು ಎತ್ತಿದ ಮೇಲೆಯೇ ಗಾಲಿ ಉರುಳಬೇಕು. ಈಗಲೂ ನೀವು ಮಾಡುವುದು ಅದೇ. ಅದು ಎಲ್ಲಿಂದ ಬಂತೆಂದು ತಿಳಿಯಲಿ. ಪ್ರತಿ ಸಲ ಕೇಳ್ತು ಎನ್ನುವಾಗ, ಕೇಳಿದ್ದರೂ ಹೇಳದ ಒಂದು ಬೆಳಗು ನೆನಪಾಗುತ್ತಿತ್ತು. ಮಾಮಾ ತೀರಿಕೊಂಡರು, ಅವರಿಗೂ ಹೇಳಲಿಲ್ಲ. ಕಣ್ಣು ಮಂಜಾಗಿ, ಬೆಸುಗೆಯ ಕೈ ನಡುಗತೊಡಗಿ ಕೆಲಸ ಬಿಟ್ಟೆ. ಆಗಲೂ ಹೇಳಲಿಲ್ಲ.

ಈ ಹಾಳೆಗಳನ್ನು ಮಲ್ಲುವಿಗೆ ಓದಲು ಕೊಡುವ ಧೈರ್ಯವಾಗಲಿಲ್ಲ. ಬಾಯಿಂದಲೇ ಹೇಳಿದೆ. ಅವನು ಬೇವಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ತೊಡೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಮಲ್ಲೂ, ಅವತ್ತ ನೀ ಸ್ವಿಚ್ ಮರ್ತಿದ್ದಿಲ್ಲ."

"ಏನಂದಿ?"

"ಹಾಕಿದ್ದಿ. ಆರಿಸಿದಾಕಿ ನಾನು. ಎಲ್ಲಾ ಮುಗದ ಮ್ಯಾಲೆ, ಪೆಟ್ರೋಲ್ ವಾಸನಿಗಿ." ಆಮೇಲೆ ಡಬ್ಬಿಯ ಹೆಸರಿನದು, ನಕ್ಷೆಯದು, ಮಾಮಾನ ಮಾತು, ಎಲ್ಲ ಹೇಳಿದೆ. ಅವನ ಎಣ್ಣೆಯ ಕೈ ತೊಡೆಯ ಮೇಲೆ ಹಾಗೇ ನಿಂತಿತ್ತು.

"ಎಷ್ಟು ಮಂದಿ ಮುಂದ ಹೇಳೇನಿ ಗೊತ್ತೈತೇನು, ನನ್ನಂಗ ಆಗಬ್ಯಾಡ್ರಿ ಅಂತ?" ಎಂದ ಕೊನೆಗೆ.

"ಗೊತ್ತೈತಿ. ಬಾಜೂಕ ನಿಂತಿರ್ತಿದ್ದೆ."

"ಹೌದು. ನಿಂತಿರ್ತಿದ್ದಿ." ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡ. "ಕಾಲಿನ ಮಾತ ಬಿಡು. ಎಂಜಿನ್ ನಿಂತಿತ್ತು, ಕಾಲ ಮುರೀತು. ನನ್ನ ಕೈ ಮ್ಯಾಲಿನ ನಂಬಿಗಿ ನೀ ತಗೊಂಡಿ ಅಕ್ಕಾ. ಅದನ್ನ ಯಾಕ ತಗೊಂಡಿ?"

ನಾನು ಎಣ್ಣೆಯ ಬಟ್ಟಲನ್ನು ಎತ್ತಿ ಪಕ್ಕಕ್ಕೆ ಇಟ್ಟೆ.

"ಇನ್ನ ಮ್ಯಾಲೆ ಹೊಸಬರಿಗಿ ನಾ ಹೇಳಾಂವಲ್ಲ. ನೀನಽ ಹೇಳು. ಇದ್ದದ್ದು ಇದ್ದಂಗ."

"ಬರದೇನಿ."

ಅವನು ತನ್ನ ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. ಮೊಣಕಾಲಿನ ಪಕ್ಕ, ಎಂದೋ ಇದ್ದ ಒಂದು ಸ್ವಿಚ್ಚನ್ನು ಗಾಳಿಯಲ್ಲೇ ಮೇಲೆ ಮಾಡಿದ.

"ಅವತ್ತ ಏರೂಮುಂದ, ನಿನಗ ಕೇಳಿತ್ತೇನು?"

"ಕೇಳಿತ್ತು."

"ಎಂಜಿನ್ ಚಾಲೂ ಐತಿ. ಹಿಂಗ ಅಂದ್ರ ಯಾರಿಗಿ ಕೇಳತೈತಿ?"

ನಾನು ಎದ್ದು ನಿಂತೆ. ಹೊಲದ ಅಂಚಿನಲ್ಲಿ ನಿಲ್ಲುವ ಹಾಗೆ ಕಾಲು ಅಗಲಿಸಿ, ಕೈ ಎತ್ತಿ, ಇದ್ದ ದನಿಯನ್ನೆಲ್ಲ ಕೂಡಿಸಿ ಒದರಿದೆ: "ಕೇಳಿತ್ತೋ ಮಲ್ಲೂ! ಕೇಳಿತ್ತು!"

ಬೇವಿನಲ್ಲಿದ್ದ ಗಿಳಿಗಳು ಒಮ್ಮೆಲೇ ಎದ್ದು ಹೋದವು. ಪಕ್ಕದ ಮನೆಯ ಕಿಟಕಿ ತೆರೆಯಿತು. ಮಲ್ಲು ಎದುರಿನ ಬಯಲನ್ನು, ಅದರಾಚೆಗಿನ ಬಿಳಿ ಆಕಾಶವನ್ನು ನೋಡುತ್ತಿದ್ದ. ಅವನ ಹೆಬ್ಬೆರಳು ಮೆಲ್ಲಗೆ ಮೇಲೆದ್ದಿತು. ನನ್ನ ಕಡೆ ಮಾತ್ರ ಅವನು ತಿರುಗಲಿಲ್ಲ.